ತಾಯಿಹೊಳೆಯ ದಡದಿಂದ ಪ್ಯಾರಿಸ್ಸಿನವರೆಗೆ

ಪ್ಯಾರಿಸ್ ನಗರದ ಪೂರ್ವ ಭಾಗದಲ್ಲಿ ಒಂದು ದಿಬ್ಬವಿದೆ. ದಿಬ್ಬದ ಮೇಲೂ ಅದರ ಇಳಿಜಾರಿನಲ್ಲೂ ಹರಡಿಕೊಂಡಿರುವುದು ಪೆರ್ ಲಾಶೇಜ್ ಎಂಬ ಸ್ಮಶಾನ. 1804ರಲ್ಲಿ ತೆರೆದ ಇದರ ವಿಸ್ತಾರ ನೂರು ಎಕರೆಗೂ ಮಿಗಿಲು. ಕಲ್ಲು ಹಾಸಿದ ಓಣಿಗಳು, ಹಳೆಯ ಮರಗಳು, ಪುಟ್ಟ ಗುಡಿಗಳಂತೆ ಕಾಣುವ ಗೋರಿಗಳು. ಒಳಗೆ ಬರುವವರ ಕೈಯಲ್ಲಿ ಒಂದು ನಕ್ಷೆ ಇದ್ದೇ ಇರುತ್ತದೆ. ಸಂಗೀತಗಾರ ಷೋಪಾ ಎಲ್ಲಿ, ನಾಟಕಕಾರ ಮೊಲಿಯೇರ್ ಎಲ್ಲಿ, ಆಸ್ಕರ್ ವೈಲ್ಡ್ ಎಲ್ಲಿ ಎಂದು ಹುಡುಕುತ್ತ ಅವರು ಏರಿಳಿಯುತ್ತಿರುತ್ತಾರೆ. ಭಾರತದಿಂದ ಹೋದವರು ಇಲ್ಲಿ ಒಂದು ಗೋರಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುವುದುಂಟು. 1993ರಲ್ಲಿ ನಿಧನರಾದ ಜೆ.ಆರ್.ಡಿ. ಟಾಟಾ ಅವರನ್ನು ಮಣ್ಣು ಮಾಡಿರುವುದು ಇಲ್ಲಿಯೇ. ಅವರು ಹುಟ್ಟಿದ ಊರೂ ಪ್ಯಾರಿಸ್ಸೇ.

ಈ ದೊಡ್ಡ ಹೆಸರುಗಳ ನಡುವೆ, ಹೊರಗಿನವರು ಅಷ್ಟಾಗಿ ಕೇಳದ ಇನ್ನೊಂದು ಹೆಸರಿದೆ. ಎಡುವಾರ್ಡ್ ವೀರಲ್ಟ್. ಎಸ್ಟೋನಿಯಾ ದೇಶದಿಂದ ಬಂದವರು ಷೋಪಾನನ್ನು ನೋಡದೆ ಹೋದರೂ ಹೋದಾರು, ಈತನನ್ನು ನೋಡದೆ ಹೋಗಲಾರರು. ಪುಸ್ತಕಗಳಿಗೆ ಚಿತ್ರ ಬರೆಯುತ್ತ ವೃತ್ತಿಗೆ ಬಂದು, ತಾಮ್ರದ ತಗಡಿನ ಮೇಲೂ ಮರದ ದಿಮ್ಮಿಯ ಮೇಲೂ ಗೆರೆ ಕೊರೆದು ಅಚ್ಚು ತೆಗೆಯುವ ಕಲೆಯಲ್ಲಿ ಆ ದೇಶಕ್ಕೆಲ್ಲ ಹಿರಿಯನೆನಿಸಿಕೊಂಡವನು ಈತ. 1954ರ ಜನವರಿ 8ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ವಯಸ್ಸು ಐವತ್ತೈದು. ತಾಯ್ನಾಡನ್ನು ಬಿಟ್ಟು ಹತ್ತು ವರ್ಷವಾಗುತ್ತ ಬಂದಿತ್ತು. ಮತ್ತೆ ಅಲ್ಲಿಗೆ ಹೋಗಲು ಆಗಲೇ ಇಲ್ಲ. ಆದರೆ ಆತ ಮಾಡಿದ ಚಿತ್ರಗಳು ಆ ಹತ್ತು ವರ್ಷವೂ ತಾಯ್ನಾಡಿನಲ್ಲೇ ಇದ್ದವು. ಅದು ಹೇಗೆಂಬುದು ಆತ ಆರಿಸಿಕೊಂಡ ಕಲೆಯ ಸ್ವಭಾವದಲ್ಲಿಯೇ ಅಡಗಿದೆ.

ಮೊದಲು ಆ ದೇಶ ಎಲ್ಲಿದೆ ನೋಡೋಣ. ಯುರೋಪಿನ ನಕ್ಷೆ ತೆರೆದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಮೇಲೆ ಬೆರಳಿಟ್ಟು, ಅಲ್ಲಿಂದ ಪಶ್ಚಿಮಕ್ಕೆ ಸರಿದರೆ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಸಿಗುವ ಪುಟ್ಟ ನಾಡು ಎಸ್ಟೋನಿಯಾ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಕಾಲುಭಾಗಕ್ಕೂ ಕಡಿಮೆ. ಜನಸಂಖ್ಯೆ ಹದಿನಾಲ್ಕು ಲಕ್ಷವನ್ನು ಮುಟ್ಟದು. ಅವರ ನುಡಿ ಅಕ್ಕಪಕ್ಕದ ರಷ್ಯನ್, ಜರ್ಮನ್, ಲಾಟ್ವಿಯನ್ ಭಾಷೆಗಳಿಗೆ ಸೇರಿದ್ದಲ್ಲ. ಸಮುದ್ರದಾಚೆಯ ಫಿನ್ನಿಷ್ ಭಾಷೆಯ ನಂಟಿನದು. ಆ ಭಾಷೆಯ ಪುಸ್ತಕಗಳಲ್ಲಿ ಇಂದಿಗೆ ಉಳಿದುಬಂದಿರುವ ಅತಿ ಹಳೆಯದು 1535ರ ಒಂದು ಧರ್ಮಬೋಧೆಯ ಪುಸ್ತಕ. ಉಳಿದಿರುವುದೆಂದರೆ ಕೆಲವು ಹರಿದ ಹಾಳೆಗಳು ಮಾತ್ರ. ಅವು ಸಿಕ್ಕಿದ್ದೂ 1929ರಲ್ಲಿ.

ರಾಜಧಾನಿ ಟಾಲಿನ್ ಇರುವುದು ಭೂಮಧ್ಯರೇಖೆಯಿಂದ 59 ಡಿಗ್ರಿ ಉತ್ತರಕ್ಕೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಈ ವ್ಯತ್ಯಾಸದ ಪರಿಣಾಮವನ್ನು ವಿದ್ಯಾರ್ಥಿಗಳು ಭೂಗೋಳದ ಪಾಠದಲ್ಲಿ ಓದಿರುತ್ತಾರೆ: ಡಿಸೆಂಬರಿನಲ್ಲಿ ಅಲ್ಲಿ ಹಗಲು ಆರು ಗಂಟೆ ಮಾತ್ರ, ಜೂನ್ ತಿಂಗಳಲ್ಲಿ ಹದಿನೆಂಟು ಗಂಟೆಗೂ ಹೆಚ್ಚು. ಚಳಿಗಾಲದ ಆರು ಗಂಟೆಯ ಹಗಲೂ ಮಬ್ಬು ಮಬ್ಬು. ಹಿಮ ಬಿದ್ದ ಬಯಲಿನಲ್ಲಿ ಎಲೆ ಉದುರಿಸಿ ನಿಂತ ಮರಗಳು. ಬಣ್ಣವೆಂಬುದು ತಿಂಗಳುಗಟ್ಟಲೆ ಕಣ್ಣಿಗೆ ಬೀಳದ ನಾಡಿನಲ್ಲಿ ಕಪ್ಪು ಬಿಳುಪಿನ ಚಿತ್ರಕಲೆ ಇಷ್ಟು ಚೆನ್ನಾಗಿ ಬೆಳೆದದ್ದು ಬರೀ ಆಕಸ್ಮಿಕವೆಂದು ಹೇಳುವುದು ಕಷ್ಟ.

ಆಳುಮನೆಯ ಹುಡುಗ

ವೀರಲ್ಟ್ ಹುಟ್ಟಿದ್ದು ಎಸ್ಟೋನಿಯಾದಲ್ಲಲ್ಲ. 1898ರ ಮಾರ್ಚ್ 20ರಂದು, ಸೇಂಟ್ ಪೀಟರ್ಸ್‌ಬರ್ಗ್ ಪ್ರಾಂತ್ಯದ ಒಂದು ಜಮೀನ್ದಾರಿ ಎಸ್ಟೇಟಿನಲ್ಲಿ. ತಂದೆತಾಯಿ ಇಬ್ಬರೂ ಎಸ್ಟೋನಿಯಾದವರು. ಕೆಲಸ ಹುಡುಕಿಕೊಂಡು ಹೋಗಿ ಅಲ್ಲಿ ಆಳುಗಳಾಗಿದ್ದವರು. ಆಗ ಎಸ್ಟೋನಿಯಾ ರಷ್ಯಾ ಸಾಮ್ರಾಜ್ಯದ ಒಂದು ಭಾಗ. ಭೂಮಿಯ ದೊಡ್ಡ ಪಾಲು ಜರ್ಮನ್ ಮನೆತನಗಳ ಕೈಯಲ್ಲಿತ್ತು. ಜೀತದಿಂದ ರೈತರಿಗೆ ಕಾನೂನಿನ ಬಿಡುಗಡೆ ಸಿಕ್ಕಿದ್ದು ಉತ್ತರ ಎಸ್ಟೋನಿಯಾದಲ್ಲಿ 1816ರಲ್ಲಿ. ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ. ಹಾಗಾಗಿ ಒಂದು ಎಸ್ಟೇಟು ಬಿಟ್ಟು ಇನ್ನೊಂದು ಎಸ್ಟೇಟಿಗೆ ಹೋಗಿ ದುಡಿಯುವುದು ಅಲ್ಲಿನ ಬಡವರಿಗೆ ಹೊಸದೇನಲ್ಲ.

1909ರಲ್ಲಿ ಈ ಕುಟುಂಬ ತಾಯ್ನಾಡಿಗೆ ಹಿಂತಿರುಗಿ ವಾರಂಗು ಎಂಬಲ್ಲಿನ ಎಸ್ಟೇಟಿನಲ್ಲಿ ನೆಲೆಸಿತು. ಟಾಲಿನ್‌ನಿಂದ ತಾರ್ತು ಪಟ್ಟಣಕ್ಕೆ ಹೋಗುವ ಹೆದ್ದಾರಿಯ ನಡುವಿನಲ್ಲಿ ಪೂರ್ವಕ್ಕೆ ತಿರುಗಿದರೆ ಕೊಯೆರು ಎಂಬ ಊರು, ಅದರ ಸಮೀಪ ವಾರಂಗು. ಸಮತಟ್ಟಾದ ನೆಲ, ಹುಲ್ಲುಗಾವಲು, ಭೂರ್ಜ ಮರಗಳು, ದೂರದಲ್ಲಿ ಕಾಡಿನ ಅಂಚು. ನೋಡುವುದಕ್ಕೆ ವಿಶೇಷವೇನಿಲ್ಲದ ಸೀಮೆ. ಪ್ರವಾಸಿಗರ ಬಸ್ಸುಗಳು ಇಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ. ಹನ್ನೊಂದು ವರ್ಷದ ಹುಡುಗನಿಗೆ ಎಸ್ಟೋನಿಯಾ ಎಂದರೆ ಮೊದಲು ಪರಿಚಯವಾದದ್ದು ಈ ನೆಲ. ಶಾಲೆಗೆ ಹೋದದ್ದು ಕೊಯೆರುವಿಗೆ.

ಹುಡುಗನಿಗೆ ಕಾಲ ಅನುಕೂಲವಾಗಿ ಬಂತೆನ್ನಬೇಕು. ಅಲ್ಲಿಯವರೆಗೆ ಚಿತ್ರಕಲೆ ಕಲಿಯಬೇಕೆಂಬ ಎಸ್ಟೋನಿಯಾದ ಮಕ್ಕಳು ಸೇಂಟ್ ಪೀಟರ್ಸ್‌ಬರ್ಗಿಗೋ ಜರ್ಮನಿಗೋ ಹೋಗಬೇಕಿತ್ತು. 1914ರಲ್ಲಿ ಟಾಲಿನ್‌ನಲ್ಲಿ ಒಂದು ಕರಕುಶಲ ಕಲಾಶಾಲೆ ಶುರುವಾಯಿತು. ಮರುವರ್ಷವೇ ವೀರಲ್ಟ್ ಅಲ್ಲಿಗೆ ಸೇರಿದ. ನಿಕೊಲಾಯ್ ತ್ರೀಕ್ ಎಂಬ ಹೆಸರಾಂತ ಚಿತ್ರಕಾರ ಅಲ್ಲಿ ಆತನಿಗೆ ಗುರುವಾಗಿ ಸಿಕ್ಕಿದ. ಹತ್ತು ವರ್ಷ ಮೊದಲೇ ಹುಟ್ಟಿದ್ದರೆ ಆಳುಮನೆಯ ಈ ಹುಡುಗ ಪೆನ್ಸಿಲ್ ಹಿಡಿದು ಎಲ್ಲಿಗೆ ಹೋಗುತ್ತಿದ್ದನೋ.

ಅಷ್ಟರಲ್ಲಿ ಮಹಾಯುದ್ಧ. ಅದರ ಬೆನ್ನಿಗೆ ರಷ್ಯಾದಲ್ಲಿ ಕ್ರಾಂತಿ. 1918ರ ಫೆಬ್ರುವರಿ 24ರಂದು ಎಸ್ಟೋನಿಯಾ ಸ್ವತಂತ್ರವೆಂದು ಘೋಷಿಸಿಕೊಂಡಿತು. ಘೋಷಣೆಯಿಂದಲೇ ಸ್ವಾತಂತ್ರ್ಯ ಕೈಗೂಡಲಿಲ್ಲ, ಅದಕ್ಕಾಗಿ ಕಾದಾಡಬೇಕಾಯಿತು. ಆ ಹೋರಾಟದಲ್ಲಿ ಕಲಾಶಾಲೆಯ ಈ ಹುಡುಗನೂ ಪಾಲುಗೊಂಡ. 1920ರ ಫೆಬ್ರುವರಿ 2ರಂದು ತಾರ್ತು ಪಟ್ಟಣದಲ್ಲಿ ಸೋವಿಯತ್ ರಷ್ಯಾದೊಡನೆ ಶಾಂತಿ ಒಪ್ಪಂದಕ್ಕೆ ರುಜು ಬಿತ್ತು.

ತಾಯಿಹೊಳೆಯ ಪಟ್ಟಣ

ತಾರ್ತು ವಿದ್ಯೆಯ ಊರು. ಅಲ್ಲಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1632ರಲ್ಲಿ. ಊರ ನಡುವೆ ಹರಿಯುವ ನದಿಗೆ ಎಮಾಯೊಗಿ ಎಂದು ಹೆಸರು. 'ಎಮಾ' ಎಂದರೆ ತಾಯಿ, 'ಯೊಗಿ' ಎಂದರೆ ಹೊಳೆ. ತಾಯಿಹೊಳೆ! ಅಗಲವಾಗಿ, ಅವಸರವಿಲ್ಲದೆ ಹರಿಯುವ ಈ ಹೊಳೆಯ ದಡದಲ್ಲಿ ಸಂಜೆ ಹೊತ್ತು ಇಂದಿಗೂ ವಿದ್ಯಾರ್ಥಿಗಳದೇ ಸಂತೆ. ಎರಡನೆಯ ಮಹಾಯುದ್ಧದಲ್ಲಿ ಊರಿನ ಹಳೆಯ ಕಟ್ಟಡಗಳು ಎಷ್ಟೋ ಸುಟ್ಟು ಹೋದವು. ಹಾಗಿದ್ದರೂ ವಿಶ್ವವಿದ್ಯಾನಿಲಯದ ಬಿಳಿಯ ಕಂಬಗಳ ಮುಖ್ಯ ಕಟ್ಟಡ ಉಳಿದಿದೆ. 2024ರಲ್ಲಿ ಈ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಗೌರವ ಪಡೆದ ಪಟ್ಟಣಗಳಲ್ಲಿ ಒಂದಾಗಿತ್ತು.

1919ರಲ್ಲಿ, ಯುದ್ಧ ಇನ್ನೂ ಮುಗಿಯುವ ಮೊದಲೇ, ಇಲ್ಲಿ 'ಪಲ್ಲಾಸ್' ಎಂಬ ಕಲಾಶಾಲೆ ತೆರೆಯಿತು. ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಕಲಾಶಾಲೆ ಏಕೆ ಎಂದು ಅಂದು ಯಾರಾದರೂ ಕೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಹೊಸದಾಗಿ ಹುಟ್ಟುವ ದೇಶಕ್ಕೆ ಏನೇನು ಬೇಕಾಗುತ್ತದೆ ಎಂದು ಯೋಚಿಸಿದರೆ ಉತ್ತರ ಹೊಳೆಯುತ್ತದೆ. ನೋಟುಗಳ ಮೇಲೆ ಚಿತ್ರ ಬೇಕು. ಅಂಚೆಚೀಟಿ ಬೇಕು. ಮಕ್ಕಳಿಗೆ ತಮ್ಮ ನುಡಿಯ ಪಠ್ಯಪುಸ್ತಕ ಬೇಕು, ಅದರಲ್ಲಿ ಚಿತ್ರ ಬೇಕು. ಗುಂಥರ್ ರೈನ್‌ಡಾರ್ಫ್ ಎಂಬ ಇನ್ನೊಬ್ಬ ಕಲಾವಿದ ಎಸ್ಟೋನಿಯಾದ ನೋಟುಗಳನ್ನು ಬಿಡಿಸಿಕೊಟ್ಟ. ಮುಂದೆ ಆತನೇ ಜನಪದ ಕಥೆಗಳ ಪುಸ್ತಕಕ್ಕೂ ಚಿತ್ರ ಬರೆದ. 'ಕಾಲೆವಿಪೊಯೆಗ್' ಎಂಬುದು ಆ ನಾಡಿನ ಮಹಾಕಾವ್ಯ. ಕ್ರೊಯಿಟ್ಸ್‌ವಾಲ್ಡ್ ಎಂಬ ವೈದ್ಯ ಜನಪದ ಕಥೆ ಹಾಡುಗಳನ್ನು ಆಧರಿಸಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದನ್ನು ಕಟ್ಟಿದ. 1935ರ ಅದರ ಮುದ್ರಣಕ್ಕೆ ಕ್ರಿಸ್ತ್ಯಾನ್ ರೌದ್ ಬರೆದ ಚಿತ್ರಗಳೇ ಇಂದಿಗೂ ಅಲ್ಲಿನವರ ಕಣ್ಣಿನಲ್ಲಿ ಆ ಕಾವ್ಯದ ನಾಯಕನ ರೂಪವಾಗಿ ನಿಂತಿವೆ. ಕಡಿಮೆ ಜನ ಆಡುವ ಭಾಷೆಯಲ್ಲಿ ಪುಸ್ತಕಕ್ಕೆ ಚಿತ್ರ ಬರೆಯುವವನ ಕೆಲಸ ಅಲಂಕಾರದ ಕೆಲಸವಲ್ಲ.

ವೀರಲ್ಟ್ ಪಲ್ಲಾಸ್ ಸೇರಿದ್ದು ಶಿಲ್ಪಕಲೆ ಕಲಿಯಲು. ಆಂಟನ್ ಸ್ಟಾರ್ಕೊಪ್ ಆತನ ಗುರು. 1922–23ರಲ್ಲಿ ವಿದ್ಯಾರ್ಥಿವೇತನದ ಮೇಲೆ ಜರ್ಮನಿಯ ಡ್ರೆಸ್ಡೆನ್ ನಗರಕ್ಕೂ ಹೋಗಿಬಂದ. ಜೊತೆಜೊತೆಗೇ ಪ್ರಕಾಶಕರಿಗೆ ಪುಸ್ತಕದ ಹೊದಿಕೆ, ಒಳಚಿತ್ರ, ಅಧ್ಯಾಯದ ಕೊನೆಯಲ್ಲಿ ಬರುವ ಪುಟ್ಟ ಅಲಂಕಾರ ಇವನ್ನೆಲ್ಲ ಬರೆದುಕೊಡುತ್ತಿದ್ದ. ಹೊಟ್ಟೆಪಾಡಿಗೂ ಅದು ಬೇಕಿತ್ತು. ಕಡೆಗೆ 1924ರಲ್ಲಿ ಪದವಿ ಪಡೆದು ಹೊರಬಿದ್ದದ್ದು ಶಿಲ್ಪಿಯಾಗಿ ಅಲ್ಲ, ಮುದ್ರಣ ಚಿತ್ರಕಾರನಾಗಿ. ಶಿಲ್ಪ ಕಲಿತದ್ದು ವ್ಯರ್ಥವಾಗಲಿಲ್ಲ. ಆತನ ಚಿತ್ರಗಳಲ್ಲಿ ಮುಖಗಳು ಹಾಳೆಯಿಂದ ಉಬ್ಬಿ ಹೊರಬಂದಂತೆ ಕಾಣುವುದು ಆ ತರಬೇತಿಯಿಂದಲೇ ಇರಬೇಕು.

ತಾಮ್ರ, ಆಮ್ಲ, ಕಾಗದ

ಮುಂದಿನ ಕಥೆಗೆ ಹೋಗುವ ಮೊದಲು ಈ ಕಲೆ ಎಂಥದ್ದೆಂದು ತಿಳಿಯಬೇಕು. ಇದರಲ್ಲಿ ಅರ್ಧ ಕಲೆ, ಅರ್ಧ ರಸಾಯನಶಾಸ್ತ್ರ.

ರಬ್ಬರ್ ಸ್ಟಾಂಪು ಎಲ್ಲರೂ ಕಂಡದ್ದೇ. ಅದರಲ್ಲಿ ಅಕ್ಷರ ಉಬ್ಬಿರುತ್ತದೆ, ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ, ಕಾಗದದ ಮೇಲೆ ಮೂಡುತ್ತದೆ. ಮರದ ಅಚ್ಚಿನದೂ ಇದೇ ನ್ಯಾಯ. ತಾಮ್ರದ ತಗಡಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಶಾಯಿ ನಿಲ್ಲುವುದು ಉಬ್ಬಿನಲ್ಲಲ್ಲ, ತಗ್ಗಿನಲ್ಲಿ.

ನುಣುಪಾದ ತಾಮ್ರದ ತಗಡನ್ನು ಸ್ವಲ್ಪ ಬಿಸಿ ಮಾಡಿ ಅದರ ಮೇಲೆ ಮೇಣ ಮತ್ತು ರಾಳ ಬೆರೆಸಿದ ತೆಳುವಾದ ಲೇಪ ಕೊಡುತ್ತಾರೆ. ದೀಪದ ಹೊಗೆ ಹಿಡಿದು ಆ ಲೇಪವನ್ನು ಕಪ್ಪಾಗಿಸುತ್ತಾರೆ, ಗೆರೆ ಎಳೆದದ್ದು ಕಣ್ಣಿಗೆ ಕಾಣಲೆಂದು. ಆಮೇಲೆ ಸೂಜಿಯಂಥ ಮೊನೆಯಿಂದ ಚಿತ್ರ ಬರೆಯುತ್ತಾರೆ. ಸೂಜಿ ಹೋದ ಕಡೆ ಮೇಣ ಕಿತ್ತು ತಾಮ್ರ ಹೊಳೆಯುತ್ತದೆ. ಈಗ ತಗಡನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದರೆ ಮೇಣವಿರುವ ಕಡೆ ಏನೂ ಆಗದು. ಗೆರೆ ಇರುವ ಕಡೆ ಆಮ್ಲ ತಾಮ್ರವನ್ನು ತಿನ್ನತೊಡಗುತ್ತದೆ. ತಾಮ್ರ ಕರಗಿ ಕಾಪರ್ ನೈಟ್ರೇಟ್ ಆಗುವುದರಿಂದ ದ್ರಾವಣಕ್ಕೆ ನೀಲಿ ಬಣ್ಣ ಬರುತ್ತದೆ. ಗೆರೆಗಳ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳೇಳುತ್ತವೆ. ಗುಳ್ಳೆ ಅಂಟಿ ಕೂತರೆ ಅಲ್ಲಿ ಆಮ್ಲ ತಾಗದೆ ಗೆರೆ ಕೆಡುತ್ತದೆ. ಅದಕ್ಕಾಗಿ ಹಕ್ಕಿಯ ಗರಿಯಿಂದ ಅವನ್ನು ಮೆಲ್ಲಗೆ ಸವರಿ ತೆಗೆಯುವ ರೂಢಿ. ತೆಳ್ಳನೆಯ ಗೆರೆ ಬೇಕಾದ ಕಡೆ ಬೇಗನೆ ಹೊರತೆಗೆದು ವಾರ್ನಿಷ್ ಬಳಿದು ಮುಚ್ಚಬೇಕು. ದಪ್ಪ ಗೆರೆ ಬೇಕಾದ ಕಡೆ ಮತ್ತೆ ಮುಳುಗಿಸಬೇಕು. ಎಷ್ಟು ನಿಮಿಷ? ಅದನ್ನು ಹೇಳುವುದು ಗಡಿಯಾರವಷ್ಟೇ ಅಲ್ಲ, ಅಂದಿನ ಹವೆ ಮತ್ತು ಆಮ್ಲದ ತೀಕ್ಷ್ಣತೆ ಕೂಡ. ಒಂದು ಕ್ಷಣ ಮೈಮರೆತರೆ ತಿಂಗಳ ಕೆಲಸ ನೀರುಪಾಲು. ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಈಗ ಅನೇಕರು ನೈಟ್ರಿಕ್ ಆಮ್ಲದ ಬದಲು ಫೆರಿಕ್ ಕ್ಲೋರೈಡ್ ಬಳಸುತ್ತಾರೆ. ಇದನ್ನು ಓದಿ ಮನೆಯಲ್ಲಿ ಮಾಡಿನೋಡುವ ಉತ್ಸಾಹ ಯಾವ ವಿದ್ಯಾರ್ಥಿಗೂ ಬೇಡ. ಆಸೆಯಾದರೆ ಒಂದು ಆಲೂಗಡ್ಡೆಯನ್ನು ಅಡ್ಡಕ್ಕೆ ಕೊಯ್ದು ಅದರ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಕೆತ್ತಿ ಶಾಯಿ ಹಚ್ಚಿ ಒತ್ತಿ ನೋಡಬಹುದು. ಅಕ್ಷರ ತಿರುಗುಮುರುಗಾಗಿ ಮೂಡಿದಾಗ, ಅಚ್ಚಿನ ಕಲಾವಿದ ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಯೋಚಿಸಬೇಕಾಗುತ್ತದೆ ಎಂಬುದು ತಟ್ಟನೆ ತಿಳಿಯುತ್ತದೆ.

ಆಮ್ಲವಿಲ್ಲದೆ ತಾಮ್ರದ ಮೇಲೆ ನೇರವಾಗಿ ಕೊರೆಯುವ ವಿಧಾನವೂ ಇದೆ. ಬ್ಯೂರಿನ್ ಎಂಬ ಮೊನಚಾದ ಉಕ್ಕಿನ ಉಳಿಯನ್ನು ಅಂಗೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಬೇಕು. ಬಾಗಿದ ಗೆರೆ ಬೇಕಾದರೆ ಉಳಿಯನ್ನಲ್ಲ, ತಗಡನ್ನೇ ತಿರುಗಿಸಬೇಕು. ಹೇಗೆ ಕೊರೆದರೂ ಮುಂದಿನ ಕ್ರಮ ಒಂದೇ. ತಗಡಿಗೆಲ್ಲ ಶಾಯಿ ಬಳಿದು, ತೆಳು ಅರಿವೆಯಿಂದ ಒರೆಸಿದರೆ ತಗ್ಗಿನಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಮಾಡಿದ ಕಾಗದ ಹಾಸಿ ಎರಡು ಉರುಳೆಗಳ ನಡುವೆ ಭಾರಿ ಒತ್ತಡದಲ್ಲಿ ಹಾಯಿಸುತ್ತಾರೆ. ಮೆದುವಾದ ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಮತ್ತೆ ಶಾಯಿ, ಮತ್ತೆ ಒರೆಸುವುದು, ಮತ್ತೊಂದು ಹಾಳೆ. ಹೀಗೆ ಒಂದು ತಗಡಿನಿಂದ ಹತ್ತಾರು ಪ್ರತಿ ತೆಗೆಯಬಹುದು. ಅವುಗಳಲ್ಲಿ ಯಾವುದೂ ನಕಲಲ್ಲ. ಎಲ್ಲವೂ ಮೂಲ ಕೃತಿಗಳೇ. ಬಣ್ಣದ ಚಿತ್ರ ಬರೆಯುವವನಿಗೆ ಈ ಭಾಗ್ಯವಿಲ್ಲ. ಅವನ ಕ್ಯಾನ್ವಾಸು ಒಂದು ಕಾಲಕ್ಕೆ ಒಂದೇ ಊರಿನಲ್ಲಿರಬಲ್ಲದು.

ಪ್ಯಾರಿಸ್ಸಿನ ಹದಿಮೂರು ವರ್ಷ

1925ರಲ್ಲಿ ವಿದ್ಯಾರ್ಥಿವೇತನ ಪಡೆದು ವೀರಲ್ಟ್ ಪ್ಯಾರಿಸ್ಸಿಗೆ ಬಂದ. ಹೋದದ್ದು ಕಲಿಯಲಿಕ್ಕೆ, ಉಳಿದದ್ದು 1938ರವರೆಗೆ. ಆಗಿನ ಪ್ಯಾರಿಸ್ ಎಂದರೆ ಲೋಕದ ಕಲಾವಿದರೆಲ್ಲ ಬಂದು ಸೇರುವ ಸಂತೆ. ಮೊಂಪಾರ್ನಾಸ್ ಬಡಾವಣೆಯ ಕಾಫಿ ಅಂಗಡಿಗಳಲ್ಲಿ ರಷ್ಯನ್, ಸ್ಪ್ಯಾನಿಷ್, ಜಪಾನಿ, ಎಲ್ಲ ಭಾಷೆಯೂ ಕೇಳಿಸುತ್ತಿತ್ತು. ಒಂದು ಕಪ್ ಕಾಫಿ ಕೊಂಡು ಇಡೀ ಸಂಜೆ ಕೂತರೂ ಏಳೆನ್ನದ ಅಂಗಡಿಗಳು ಕೈಯಲ್ಲಿ ಕಾಸಿಲ್ಲದ ಕಲಾವಿದರಿಗೆ ದೊಡ್ಡ ಆಸರೆ. ವೀರಲ್ಟನೂ ಕಷ್ಟದಲ್ಲಿಯೇ ದಿನ ದೂಡಿದವನು. ಇಲ್ಲಿಯೂ ಪುಸ್ತಕದ ಕೆಲಸ ಕೈಬಿಡಲಿಲ್ಲ. ರಷ್ಯಾದ ಕವಿ ಪುಷ್ಕಿನ್ ಬರೆದು, ಅಲ್ಲಿ ಬಹುಕಾಲ ನಿಷೇಧಕ್ಕೆ ಒಳಗಾಗಿದ್ದ 'ಗಾವ್ರಿಲಿಯಾದ' ಎಂಬ ವಿಡಂಬನ ಕಾವ್ಯಕ್ಕೆ 1928ರಲ್ಲಿ ಬರೆದ ಚಿತ್ರಗಳು ಈ ಕಾಲದವು.

ಆತನ ಹೆಸರನ್ನು ನಿಲ್ಲಿಸಿದ ಕೃತಿ ಬೇರೆಯದು. 'ಪೊರ್ಗು', ಎಂದರೆ ನರಕ. ತಾಮ್ರದ ತಗಡೊಂದರ ಮೇಲೆ ಆಮ್ಲದ ಗೆರೆ ಮತ್ತು ಉಳಿಯ ಗೆರೆ ಎರಡನ್ನೂ ಬಳಸಿ ಮಾಡಿದ ಈ ಚಿತ್ರಕ್ಕೆ ಆತ ಹಾಕಿದ ತಾರೀಖು 1930–1932. ಒಂದು ತಗಡಿಗೆ ಎರಡು ವರ್ಷ! ನರಕವೆಂದರೆ ಕಾದ ಎಣ್ಣೆಯ ಕೊಪ್ಪರಿಗೆ, ಕೊಂಬಿನ ಯಮದೂತರು ಎಂದು ಹುಡುಕಿದರೆ ಇಲ್ಲಿ ಅವು ಸಿಗುವುದಿಲ್ಲ. ಸಿಗುವುದು ಮುಖಗಳು. ಮುಖದ ಮೇಲೆ ಮುಖ, ಮುಖದ ಪಕ್ಕದಲ್ಲಿ ಮುಖ. ಕಿರುಚುವವು, ಹಲ್ಲು ಕಿರಿಯುವವು, ಕಣ್ಣು ಮುಚ್ಚಿಕೊಂಡವು, ಅರ್ಧ ಮೃಗ ಅರ್ಧ ಮನುಷ್ಯ, ಅರ್ಧ ಯಂತ್ರ ಅರ್ಧ ಮನುಷ್ಯ. ಒಂದು ಬೆರಳಗಲ ಜಾಗವೂ ಖಾಲಿಯಿಲ್ಲ. ಹತ್ತಿರ ಹೋಗಿ ನೋಡಿದಷ್ಟೂ ಹೊಸ ಮುಖವೊಂದು ಗೆರೆಗಳ ಸಂದಿನಿಂದ ಇಣುಕುತ್ತದೆ. ಭೂತಗನ್ನಡಿ ಹಿಡಿದು ನೋಡುವವರೂ ಇದ್ದಾರೆ. 1931ರ 'ಕಬರೆ' ಎಂಬ ಇನ್ನೊಂದು ಚಿತ್ರ ಇದರ ಜೊತೆಗಾರ. ಕುಣಿತದ ಮನೆಯ ಗದ್ದಲ, ಅಮಲು, ಒಬ್ಬರ ಮೇಲೊಬ್ಬರು ಬಿದ್ದಿರುವ ಜನ.

ಇವನ್ನು ನೋಡಿ ಮಕ್ಕಳು ಹೆದರಿಯಾರು ಎಂದು ಹಿರಿಯರಿಗೆ ಅನ್ನಿಸಿದರೆ ತಪ್ಪೇನಲ್ಲ. ಆದರೆ ಕಾಲವನ್ನು ನೆನೆಯಬೇಕು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿನ ಉದ್ದಕ್ಕೂ ಕೆಲಸ ಕಳೆದುಕೊಂಡವರ ಸಾಲು ಬೆಳೆಯುತ್ತಿತ್ತು. ಒಂದು ಮಹಾಯುದ್ಧ ಕಳೆದು ಹನ್ನೆರಡು ವರ್ಷವಾಗಿತ್ತಷ್ಟೆ. ಇನ್ನೊಂದು ಬರಲು ಒಂಬತ್ತು ವರ್ಷವಿತ್ತು. ಸೂಕ್ಷ್ಮ ಕಣ್ಣಿನ ಒಬ್ಬ ಮನುಷ್ಯ ಜನಜಂಗುಳಿಯಲ್ಲಿ ಏನನ್ನು ಕಂಡನೋ ಅದನ್ನೇ ಕೊರೆದ.

ಆಶ್ಚರ್ಯವೆಂದರೆ ಆಮೇಲಿನದು. ನರಕವನ್ನು ಎರಡು ವರ್ಷ ಕೊರೆದ ಕೈ ಆಮೇಲೆ ಹಗುರಾಯಿತು. ಗಿಜಿಗುಡುವ ಗುಂಪು ಕಡಿಮೆಯಾಗಿ ಒಂದೊಂದೇ ಮುಖ, ಒಂದೊಂದೇ ಪ್ರಾಣಿ ಬರತೊಡಗಿದವು. 1937ರ 'ಮಲಗಿದ ಹುಲಿ' ಮರದ ಅಚ್ಚು. ಇದಕ್ಕೆ ಮರದ ಹಲಗೆಯ ಉದ್ದನೆಯ ಮೈ ಬಳಸುವುದಿಲ್ಲ. ಕಾಂಡವನ್ನು ಅಡ್ಡ ಕೊಯ್ದಾಗ ಸಿಗುವ ಗಟ್ಟಿ ಮುಖವನ್ನು ನಯಗೊಳಿಸಿ ಅದರ ಮೇಲೆ ಕೊರೆಯುತ್ತಾರೆ. ನಾರಿನ ಅಡ್ಡಿಯಿಲ್ಲದ್ದರಿಂದ ಕೂದಲೆಳೆಯಷ್ಟು ಸಣ್ಣ ಗೆರೆಯೂ ಸಾಧ್ಯ. ಕೊರೆದ ಗೆರೆ ಇಲ್ಲಿ ಬಿಳಿಯಾಗಿ ಮೂಡುತ್ತದೆ, ಕೊರೆಯದೆ ಬಿಟ್ಟದ್ದು ಕಪ್ಪು. ಎಂದರೆ ಕಲಾವಿದ ಕತ್ತಲೆಯಿಂದ ಬೆಳಕನ್ನು ಕೆತ್ತಿ ತೆಗೆಯುತ್ತಾನೆ. ಹುಲಿ ಇರುವ ಕಾಡು ಎಸ್ಟೋನಿಯಾದಲ್ಲೂ ಇಲ್ಲ, ಫ್ರಾನ್ಸಿನಲ್ಲೂ ಇಲ್ಲ. ಹಾಗಿದ್ದೂ ಅದರ ಮೈಯ ತುಪ್ಪಳವನ್ನು ಆತ ಬಿಡಿಸಿರುವ ಬಗೆ ನೋಡಿದರೆ ಬಂಡೀಪುರದ ಹುಲಿಯನ್ನು ಕಂಡವರೂ ಮೆಚ್ಚುತ್ತಾರೆ.

1938ರಲ್ಲಿ ಆತ ಪ್ಯಾರಿಸ್ ಬಿಟ್ಟು ಆಫ್ರಿಕಾದ ಉತ್ತರ ತುದಿಯ ಮೊರೊಕ್ಕೊಗೆ ಹೋದ. ಮರಾಕೇಶ್ ಎಂಬ ಕೆಂಪು ಮಣ್ಣಿನ ಗೋಡೆಗಳ ಊರು. ಹಿಂದೆ ಹಿಮ ಹೊತ್ತ ಅಟ್ಲಾಸ್ ಬೆಟ್ಟಸಾಲು. ಮುಂದೆ ಮರುಭೂಮಿಯ ದಾರಿ. ಸಂತೆಯಲ್ಲಿ ಒಂಟೆಗಳು, ಬೆಟ್ಟದಿಂದಿಳಿದು ಬಂದ ಬೆರ್ಬರ್ ಜನ. ಮಬ್ಬು ಬೆಳಕಿನ ನಾಡಿನಲ್ಲಿ ಬೆಳೆದವನಿಗೆ ಅಲ್ಲಿನ ಬಿಸಿಲು ಹೇಗೆ ಕಂಡಿರಬೇಕು ಎಂಬುದಕ್ಕೆ ಆತನ ಚಿತ್ರಗಳೇ ಸಾಕ್ಷಿ. ಗೆರೆಗಳು ತೆಳುವಾದವು. ಹಾಳೆಯಲ್ಲಿ ಖಾಲಿ ಜಾಗ ಬಂತು, ಗಾಳಿ ಬಂತು.

ಹಿಂತಿರುಗಿದ್ದು, ಹೊರಟದ್ದು

1939ರಲ್ಲಿ ಆತ ಎಸ್ಟೋನಿಯಾಕ್ಕೆ ಮರಳಿದ. ಊರಿಗೆ ಬಂದು ಉಸಿರು ಬಿಡುವ ಹೊತ್ತಿಗೆ ಊರಿನ ಪರಿಸ್ಥಿತಿಯೇ ಬೇರೆಯಾಯಿತು. 1940ರ ಜೂನ್‌ನಲ್ಲಿ ಸೋವಿಯತ್ ಸೈನ್ಯ ದೇಶವನ್ನು ಹಿಡಿಯಿತು. ಆಗಸ್ಟ್ ಹೊತ್ತಿಗೆ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಪಾಲಾಯಿತು. 1941ರಲ್ಲಿ ಜರ್ಮನರು ಬಂದರು. 1944ರಲ್ಲಿ ಮತ್ತೆ ಸೋವಿಯತ್ ಸೈನ್ಯ.

'ಒಂಟೆಯೊಡನೆ ಬೆರ್ಬರ್ ಹುಡುಗಿ' ಎಂಬ ಆತನ ಪ್ರಸಿದ್ಧ ಚಿತ್ರದ ತಾರೀಖು ನೋಡಬೇಕು: 1940. ದೇಶ ಕೈತಪ್ಪಿ ಹೋದ ಆ ವರ್ಷದಲ್ಲಿ ಆತ ಮೊರೊಕ್ಕೊದ ಹುಡುಗಿಯೊಬ್ಬಳ ಶಾಂತವಾದ ಮುಖವನ್ನೂ ಅವಳ ಪಕ್ಕದ ಒಂಟೆಯನ್ನೂ ಬಿಡಿಸುತ್ತಿದ್ದ. ಇದು ಪಲಾಯನವೋ ಧೈರ್ಯವೋ ಎಂದು ಕೇಳುವವರಿಗೆ ಚಿತ್ರ ಉತ್ತರ ಹೇಳುವುದಿಲ್ಲ. ಆ ಹುಡುಗಿಯ ಕಣ್ಣುಗಳಲ್ಲಿ ಅವಸರವಿಲ್ಲ, ಅಷ್ಟೆ. ಮುಂದೆ ಎಸ್ಟೋನಿಯಾದ ಹೆಣ್ಣುಮಕ್ಕಳ ಮುಖಗಳನ್ನು ಬಿಡಿಸಿದ. ದಕ್ಷಿಣದ ವಿಲ್ಯಾಂಡಿ ಎಂಬ ಊರು ಕೆರೆಯೊಂದರ ದಡದ ಮೇಲಿದೆ. ಹಳೆಯ ಕೋಟೆಯ ಮುರುಕು ಗೋಡೆಗಳು ಅಲ್ಲಿ ಇನ್ನೂ ನಿಂತಿವೆ. ಆ ಸೀಮೆಯನ್ನು 1943ರಲ್ಲಿ 'ವಿಲ್ಯಾಂಡಿ ನೆಲನೋಟ' ಎಂಬ ಚಿತ್ರದಲ್ಲಿ ಹಿಡಿದಿಟ್ಟ. ಹೊರದೇಶಗಳಲ್ಲಿ ನೆಲೆಸಿದ ಎಸ್ಟೋನಿಯನ್ನರ ಕಣ್ಣಿನಲ್ಲಿ ಮುಂದೆ ಊರಿನ ನೆನಪು ಎಂದರೆ ಇಂಥ ಚಿತ್ರಗಳೇ.

1944ರಲ್ಲಿ ಚಿತ್ರಪ್ರದರ್ಶನವೊಂದರ ಸಂಬಂಧ ಆತ ವಿಯೆನ್ನಾಕ್ಕೆ ಹೋದ. ಹಾಗೆ ಹೋದವನು ಮರಳಲಿಲ್ಲ. ಆ ವರ್ಷದ ಸೆಪ್ಟೆಂಬರ್ 22ರಂದು ಟಾಲಿನ್ ಸೋವಿಯತ್ ಕೈಸೇರಿತು. ಸಣ್ಣ ದೋಣಿಗಳಲ್ಲಿ, ಸಿಕ್ಕ ಹಡಗುಗಳಲ್ಲಿ ಸುಮಾರು ಎಪ್ಪತ್ತು ಎಂಬತ್ತು ಸಾವಿರ ಎಸ್ಟೋನಿಯನ್ನರು ದೇಶ ಬಿಟ್ಟರು. ಸಮುದ್ರದಲ್ಲಿ ಮುಳುಗಿದವರೂ ಉಂಟು. ವೀರಲ್ಟ್ ಸ್ವೀಡನ್ ಸೇರಿದ. 1946ರಲ್ಲಿ ಅಲ್ಲಿಂದ ಮತ್ತೆ ಪ್ಯಾರಿಸ್. ಹಳೆಯ ಊರೇ, ಆದರೆ ಯುದ್ಧ ಕಂಡ ಊರು. ಆತನ ಆರೋಗ್ಯವೂ ಮೊದಲಿನಂತೆ ಉಳಿಯಲಿಲ್ಲ. ಇಲ್ಲಿ ಕಳೆದ ಕೊನೆಯ ಏಳೆಂಟು ವರ್ಷದ ಕಥೆಯಲ್ಲಿ ಏರಿಳಿತ ಹೆಚ್ಚಿಲ್ಲ. ಕೆಲಸ ಮಾಡಿದ, ಕಾಯಿಲೆ ಬಿದ್ದ, ತೀರಿಕೊಂಡ.

ದೇಶ ಬಿಟ್ಟವರ ಹೆಸರನ್ನು ಸೋವಿಯತ್ ಕಾಲದ ಅಧಿಕಾರಿಗಳು ಅಷ್ಟಾಗಿ ಇಷ್ಟಪಡುತ್ತಿರಲಿಲ್ಲ. ಆದರೆ ಅಚ್ಚಿನ ಚಿತ್ರವನ್ನು ಏನು ಮಾಡುವುದು? ಒಂದೇ ತಗಡಿನ ಒಂದು ಪ್ರತಿ ಪ್ಯಾರಿಸ್ಸಿನಲ್ಲಿದ್ದರೆ ಇನ್ನೊಂದು ಟಾಲಿನ್‌ನ ಸಂಗ್ರಹಾಲಯದಲ್ಲಿ, ಮತ್ತೊಂದು ತಾರ್ತುವಿನಲ್ಲಿ, ಮತ್ತೂ ಕೆಲವು ಜನರ ಮನೆಗಳ ಗೋಡೆಯ ಮೇಲೆ. ದೋಣಿಯಲ್ಲಿ ಓಡಿಹೋಗುವವರು ಭಾರದ ಸಾಮಾನು ಒಯ್ಯಲಾರರು; ಸುರುಳಿ ಸುತ್ತಿದ ಒಂದು ಹಾಳೆಯನ್ನು ಒಯ್ಯಬಲ್ಲರು. ಮನುಷ್ಯನಿಗೆ ಗಡಿ ಮುಚ್ಚಿತ್ತು. ಹಾಳೆಗಳು ಗಡಿಯ ಎರಡೂ ಕಡೆ ಇದ್ದವು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ಆ ಹೆಸರನ್ನು ಅಲ್ಲಿನವರಿಗೆ ಹೊಸದಾಗಿ ಪರಿಚಯಿಸಬೇಕಾಗಲಿಲ್ಲ.

ಈಗ ಟಾಲಿನ್‌ಗೆ ಹೋಗುವುದು ಕಷ್ಟವಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಹಡಗಿನಲ್ಲಿ ಎರಡು ಗಂಟೆಯ ಸುಮಾರಿಗೆ ತಲುಪಬಹುದು. ಬಂದರಿನಿಂದಲೇ ಹಳೆಯ ಪೇಟೆಯ ಕೆಂಪು ಹೆಂಚುಗಳೂ ಚರ್ಚುಗಳ ಚೂಪು ಗೋಪುರಗಳೂ ಕಾಣುತ್ತವೆ. ಈ ಹಳೆಯ ಪೇಟೆಯನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೇಟೆಯಿಂದ ಪೂರ್ವಕ್ಕೆ ಒಂದು ಬೀದಿಗೆ ವೀರಲ್ಟನ ಹೆಸರಿಟ್ಟಿದ್ದಾರೆ. ಹೆಸರಿನ ವಿಷಯದಲ್ಲಿ ಒಂದು ಸಣ್ಣ ಗೊಂದಲವುಂಟು. ಹಳೆಯ ಬರವಣಿಗೆಯಲ್ಲಿ ಎಸ್ಟೋನಿಯನ್ನರು ಇಂಗ್ಲಿಷಿನ 'ಡಬ್ಲ್ಯು' ಅಕ್ಷರ ಬಳಸುತ್ತಿದ್ದ ಕಡೆ ಈಗ 'ವಿ' ಬರೆಯುತ್ತಾರೆ. ಹಾಗಾಗಿ ಆತನ ಹೆಸರು ಬೀದಿಯ ಫಲಕದ ಮೇಲೆ ಒಂದು ರೀತಿ, ಚಿತ್ರಗಳ ಕೆಳಗೆ ಇನ್ನೊಂದು ರೀತಿ. ಗ್ರಂಥಾಲಯದಲ್ಲಿ ಹುಡುಕುವವರು ಎರಡನ್ನೂ ನೋಡುವುದು ಒಳ್ಳೆಯದು.

ಕಾದ್ರಿಯೊರ್ಗ್ ಎಂಬ ಉದ್ಯಾನದ ಅಂಚಿನಲ್ಲಿ 2006ರಲ್ಲಿ ತೆರೆದ 'ಕುಮು' ಎಂಬ ದೊಡ್ಡ ಕಲಾಸಂಗ್ರಹಾಲಯವಿದೆ. ಬೀದಿಯಿಂದ ಟ್ರಾಮ್ ಹತ್ತಿ ಇಳಿದು ಮರಗಳ ನಡುವೆ ಸ್ವಲ್ಪ ನಡೆಯಬೇಕು. ವೀರಲ್ಟನ ಹಾಳೆಗಳನ್ನು ನೋಡಲೆಂದೇ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಎಣ್ಣೆಬಣ್ಣದ ಚಿತ್ರಗಳಂತೆ ಇವನ್ನು ವರ್ಷವಿಡೀ ಗೋಡೆಗೆ ತೂಗುಹಾಕುವಂತಿಲ್ಲ. ಬೆಳಕು ಬಿದ್ದಷ್ಟೂ ಕಾಗದ ಹಳದಿಗೆ ತಿರುಗಿ ಪುಡಿಯಾಗತೊಡಗುತ್ತದೆ. ಅದರಿಂದ ಕಾಗದದ ಮೇಲಿನ ಕೃತಿಗಳನ್ನು ಮಂದ ಬೆಳಕಿನ ಕೋಣೆಯಲ್ಲಿ ಕೆಲವು ತಿಂಗಳು ಮಾತ್ರ ಪ್ರದರ್ಶನಕ್ಕಿಟ್ಟು, ಆಮೇಲೆ ಆಮ್ಲದ ಅಂಶವಿಲ್ಲದ ರಟ್ಟಿನ ಪೆಟ್ಟಿಗೆಗಳಲ್ಲಿ ಮತ್ತೆ ಕತ್ತಲೆಯಲ್ಲಿಡುವುದು ಸಂಗ್ರಹಾಲಯಗಳ ಪದ್ಧತಿ. ಮುಂದಿನ ಪ್ರದರ್ಶನ ಬರುವವರೆಗೆ ಮೊರೊಕ್ಕೊದ ಹುಡುಗಿ, ಮಲಗಿದ ಹುಲಿ, ನರಕದ ಅಷ್ಟೂ ಮುಖಗಳು ಒಂದರ ಮೇಲೊಂದು ಅಲ್ಲಿ ಮಲಗಿರುತ್ತವೆ.